ಗಂಟಿಗೆ ಇಮ್ಯುನಿಟಿ ಪುಡಿ ಮದ್ದಲ್ಲ

ಮಾನ್ಯರೇ,

ಸಕಲೇಶಪುರದ ಹತ್ತಿರ ನಮ್ಮದು ಮೂರು ಎಕರೆ ಕಾಫಿ ತೋಟ. ಹೋದ ವರ್ಷ ಕುಯ್ಲಿನ ಹೊತ್ತಿಗೆ ನನ್ನ ತಂಗಿಯ ಎದೆಯಲ್ಲಿ ಅಡಿಕೆಯಷ್ಟು ಗಂಟು ಕೈಗೆ ಸಿಕ್ಕಿತು. ‘ಇಮ್ಯುನಿಟಿ ಜಾಸ್ತಿ ಮಾಡಿಕೊಂಡರೆ ತಾನೇ ಕರಗುತ್ತೆ’ ಎಂದು ಪರಿಚಯದವರೊಬ್ಬರು ಪುಡಿ ಮಾರಿದರು. ಎರಡೂವರೆ ತಿಂಗಳು ದಿನಾ ಬೆಳಿಗ್ಗೆ ಬಿಸಿನೀರಿಗೆ ಕದಡಿ ಕುಡಿದಳು. ಮೂರು ಡಬ್ಬಿ ಖಾಲಿಯಾಯಿತು. ಗಂಟು ನಿಂಬೆಹಣ್ಣಿನಷ್ಟಾಯಿತು.

ಆಮೇಲೆ ಅದು ಕ್ಯಾನ್ಸರ್ ಎಂದು ಗೊತ್ತಾಯಿತು. ಡಾಕ್ಟರು ಬಿಡಿಸಿ ಹೇಳಿದರು. ನಮ್ಮ ಮೈ ಕಾಯುವ ಬಿಳಿ ರಕ್ತಕಣಗಳಾದ ಟಿ-ಕೋಶ, ಎನ್‌ಕೆ ಕೋಶಗಳು ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ, ನಿಜ. ಆದರೆ ಅದೇ ಕಾವಲು ಪಡೆಯ ಮ್ಯಾಕ್ರೋಫೇಜ್ ಎಂಬ ಕೋಶಗಳನ್ನು ಗಡ್ಡೆ ತನ್ನ ಕಡೆ ಸೆಳೆದುಕೊಳ್ಳುತ್ತದಂತೆ. ಅವೇ ಗಡ್ಡೆಗೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ, ಟಿ-ಕೋಶಗಳ ಕೈ ಕಟ್ಟುತ್ತವೆ.

ನನಗೆ ತಕ್ಷಣ ನೆನಪಾಗಿದ್ದು ತೋಟದ ಚಗಳಿ ಇರುವೆ. ಬೇರೆ ಹುಳ ಕಂಡರೆ ಹರಿದು ತಿನ್ನುತ್ತದೆ. ಕಾಫಿ ಎಲೆಯ ಅಡಿಗೆ, ನರದ ಉದ್ದಕ್ಕೂ ಅಂಟಿಕೊಂಡ ಹಸಿರು ಶಲ್ಕ ಕೀಟಕ್ಕೆ ಮಾತ್ರ ಕಾವಲು ನಿಲ್ಲುತ್ತದೆ. ಆ ಕೀಟ ಸುರಿಸುವ ಸಿಹಿ ಅಂಟಿನ ಆಸೆ. ಕೀಟ ತಿನ್ನಲು ಗುಲಗಂಜಿ ಹುಳ ಬಂದರೆ ಅಟ್ಟಿಬಿಡುತ್ತದೆ. ಅಂಥ ಗಿಡಕ್ಕೆ ಇನ್ನಷ್ಟು ಇರುವೆ ತಂದು ಬಿಟ್ಟರೆ ಕೀಟವೇ ಹೆಚ್ಚುತ್ತದೆ ಎಂದು ಬೆಳೆಗಾರರಿಗೆ ಹೇಳಬೇಕಿಲ್ಲ ಅಲ್ವಾ?

2018ರಲ್ಲಿ ನೊಬೆಲ್ ಪಡೆದ ವಿಜ್ಞಾನಿಗಳಾದ ಜೇಮ್ಸ್ ಆಲಿಸನ್, ತಸುಕು ಹೊಂಜೊ ತೋರಿಸಿದ್ದು ಟಿ-ಕೋಶಗಳಿಗೆ ಇರುವ ಬ್ರೇಕ್ ಸಡಿಲಿಸುವ ದಾರಿಯನ್ನು. ಆ ದಾರಿಯಲ್ಲಿ ಬಂದ ಔಷಧಿಯೂ ಎಲ್ಲರಿಗೂ ನಾಟುವುದಿಲ್ಲ. ಬ್ರೇಕ್ ಬಿಟ್ಟ ಕೋಶಗಳು ಕೆಲವೊಮ್ಮೆ ನಮ್ಮದೇ ಶ್ವಾಸಕೋಶ, ಕರುಳು, ಥೈರಾಯ್ಡ್ ಮೇಲೆ ಬೀಳುತ್ತವೆ. ಅದಕ್ಕೇ ಪರೀಕ್ಷೆ ಮಾಡಿ, ಕಣ್ಣಿಟ್ಟು ಕೊಡುತ್ತಾರೆ. ಚಮಚದಲ್ಲಿ ಅಳೆದು ಕುಡಿಯುವ ಪುಡಿಯಿಂದ ಆಗುವ ಕೆಲಸವೇ ಇದು?

ಇನ್ನೊಂದು ಮಾತು. ನೋಡಲು ಬಂದವರೆಲ್ಲ ‘ನಿನಗೆ ಇಮ್ಯುನಿಟಿ ಇಲ್ಲ, ಅದಕ್ಕೇ ಬಂತು’ ಅನ್ನುತ್ತಾರೆ. ಒಂದು ರಾತ್ರಿ ತಂಗಿ ಕೇಳಿದಳು, ‘ನಾನು ಹೊತ್ತಿಗೆ ಸರಿಯಾಗಿ ಊಟ ಮಾಡದೆ ಬಂತಾ ಅಕ್ಕಾ?’ ಕೂದಲು ಉದುರಿದಾಗಲೂ ಅಳದವಳು ಅವತ್ತು ಅತ್ತಳು. ದಯವಿಟ್ಟು ಹಾಗೆ ಅನ್ನಬೇಡಿ.

ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಅದೇ ಪುಡಿಯ ಚೀಟಿ ಮೊನ್ನೆ ಸಂತೆಯಲ್ಲಿ ನನ್ನ ಕೈಗೇ ಬಂತು. ಕ್ಯಾನ್ಸರ್ ಎಂಬ ಪದ ದೊಡ್ಡ ಅಕ್ಷರದಲ್ಲೇ ಇದೆ. ಜಿಲ್ಲಾ ಆರೋಗ್ಯ ಇಲಾಖೆಯವರು ಬರಲಿ, ಚೀಟಿ ಜೋಪಾನವಾಗಿ ಇಟ್ಟಿದ್ದೇನೆ.

– ಕಾಫಿ ಬೆಳೆಗಾರ್ತಿ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ