ಮೂರೂ ಒಂದೇ ಅಲ್ವಾ ಅಂತ ಕೇಳಿದ ಅಪ್ಪನಿಗೆ, ಜೆರುಸಲೇಮಿನಿಂದ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಅಮ್ಮನ ಮಂಡಿನೋವು ಈಗ ಹೇಗಿದೆ? ಎಣ್ಣೆ ಹಚ್ಚುತ್ತಿದ್ದಾರಾ? ಕಳೆದ ವಾರ ಫೋನಿನಲ್ಲಿ ನೀವು ಒಂದು ಮಾತು ಕೇಳಿದಿರಿ. ಯೆಹೂದಿಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ದೇವರು ಒಬ್ಬನೇ ಅನ್ನುತ್ತಾರೆ, ಮೂವರಿಗೂ ಅಬ್ರಹಾಮನೇ ಹಿರಿಯ, ಹಾಗಾದರೆ ಮೂರೂ ಒಂದೇ ಅಲ್ವಾ ಅಂತ. ಆಗ ನಾನು ನೋಡಿಕೊಳ್ಳುವ ಯೆಹೂದಿ ಅಜ್ಜಿಗೆ ಮಾತ್ರೆ ಕೊಡುವ ಹೊತ್ತು. ಮಾತು ಅರ್ಧಕ್ಕೇ ನಿಂತಿತು. ನನಗೆ ತಿಳಿದಷ್ಟನ್ನು ಈಗ ಬರೆಯುತ್ತೇನೆ.

ಒಂದೇ ಅಲ್ಲ ಅಪ್ಪ. ಬೇರೆ ಬೇರೆಯೇ. ಆದರೆ ದೇವರು ಎಷ್ಟು ಮಂದಿ ಅನ್ನುವ ಲೆಕ್ಕದಿಂದ ಅವು ಬೇರೆಯಾದದ್ದಲ್ಲ. ದೇವರ ಮಾತು ಮನುಷ್ಯನಿಗೆ ಯಾವ ರೂಪದಲ್ಲಿ ಬಂತು ಅನ್ನುವಲ್ಲಿ ದಾರಿಗಳು ಕವಲೊಡೆಯುತ್ತವೆ. ಇದು ತಿಳಿದರೆ ಉಳಿದದ್ದು ತಾನಾಗಿಯೇ ಅರ್ಥವಾಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಮೊದಲು ಆ ಅಜ್ಜಿಯ ಮನೆಯ ಕತೆ. ಇಲ್ಲಿ ಬಾಗಿಲುಗಳ ಬಲಗಡೆಯ ಚೌಕಟ್ಟಿಗೆ ಓರೆಯಾಗಿ ಒಂದು ಪುಟ್ಟ ಡಬ್ಬಿ ಜಡಿದಿರುತ್ತದೆ. ಮೆಜೂಜಾ ಅನ್ನುತ್ತಾರೆ. ಒಳಗೆ ಚರ್ಮದ ಸುರುಳಿ. ಅದರ ಮೇಲೆ ಕೈಯಲ್ಲೇ ಬರೆದ, ಯೆಹೂದಿಗಳ ಧರ್ಮಗ್ರಂಥವಾದ ತೋರಾದ ಸಾಲುಗಳು: "ಇಸ್ರೇಲೇ, ಕೇಳು. ಕರ್ತನು ನಮ್ಮ ದೇವರು, ಕರ್ತನು ಒಬ್ಬನೇ." ಇದಕ್ಕೆ ಶೆಮಾ ಅಂತ ಹೆಸರು. ಅಜ್ಜಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬಲಗೈಯಿಂದ ಕಣ್ಣು ಮುಚ್ಚಿಕೊಂಡು ಇದನ್ನು ಹೇಳುತ್ತಾರೆ. ಔಷಧ ತಗೊಂಡದ್ದು ಮರೆತುಹೋಗುತ್ತದೆ, ಇದು ಮರೆಯುವುದಿಲ್ಲ.

ಯಾವ ಆಜ್ಞೆ ಎಲ್ಲಕ್ಕಿಂತ ದೊಡ್ಡದು ಅಂತ ಒಬ್ಬ ಧರ್ಮಪಂಡಿತ ಯೇಸುವನ್ನು ಕೇಳಿದಾಗ ಅವರೂ ಶುರುಮಾಡಿದ್ದು ಇದೇ ಸಾಲಿನಿಂದ. ಮಾರ್ಕನ ಸುವಾರ್ತೆಯಲ್ಲಿದೆ. ಯೇಸು ಹುಟ್ಟಿದ್ದೂ ಸತ್ತದ್ದೂ ಯೆಹೂದಿಯಾಗಿಯೇ. ಊರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಇನ್ನು ಕುರ್‌ಆನಿನ 112ನೇ ಅಧ್ಯಾಯ ತುಂಬ ಚಿಕ್ಕದು, ನಾಲ್ಕೇ ವಾಕ್ಯ. ಅಲ್ಲಾಹನು ಒಬ್ಬನೇ, ಅವನು ಯಾರ ಹಂಗೂ ಇಲ್ಲದವನು, ಯಾರನ್ನೂ ಹೆತ್ತವನಲ್ಲ, ಯಾರಿಗೂ ಹುಟ್ಟಿದವನಲ್ಲ, ಅವನಿಗೆ ಸಮಾನರಿಲ್ಲ ಅಂತ. ಇಲ್ಲಿಯವರೆಗೆ ನಿಮ್ಮ ಮಾತು ಸರಿಯೇ. ಜಗತ್ತನ್ನು ಒಬ್ಬ ದೇವರು ಸೃಷ್ಟಿಸಿದ, ಅವನು ಪ್ರವಾದಿಗಳ ಮೂಲಕ ಮಾತನಾಡಿದ, ಕೊನೆಗೊಂದು ದಿನ ಸತ್ತವರನ್ನೆಲ್ಲ ಎಬ್ಬಿಸಿ ನ್ಯಾಯ ಹೇಳುತ್ತಾನೆ. ಇಷ್ಟನ್ನು ಮೂರು ಧರ್ಮಗಳೂ ಹೇಳುತ್ತವೆ.

ಆದರೆ "ಹೆತ್ತವನಲ್ಲ" ಅನ್ನುವ ಆ ಮಾತು ನೋಡಿ. ಗಂಟು ಇರುವುದೇ ಅಲ್ಲಿ.

ನನ್ನ ಗೆಳತಿಯೊಬ್ಬಳು ಮಂಗಳೂರಿನ ಕಡೆಯವಳು, ಕೊಂಕಣಿ ಮಾತಾಡುವ ಕ್ಯಾಥೊಲಿಕ್. ನನ್ನ ಹಾಗೇ ಇಲ್ಲಿ ವಯಸ್ಸಾದವರ ಆರೈಕೆಯ ಕೆಲಸಕ್ಕೆ ಬಂದವಳು. ನಮ್ಮ ಕರಾವಳಿಯ ಜನ ಈ ಕೆಲಸದಲ್ಲಿ ಇಲ್ಲಿ ತುಂಬ ಇದ್ದಾರೆ. ಒಂದು ಶನಿವಾರ ಅವಳ ಜೊತೆ ಹಳೇ ಪಟ್ಟಣದ ಪವಿತ್ರ ಸಮಾಧಿಯ ಚರ್ಚಿಗೆ ಹೋಗಿದ್ದೆ. ಯೇಸುವನ್ನು ಶಿಲುಬೆಗೇರಿಸಿದ ಜಾಗ, ಹೂತ ಜಾಗ ಎರಡೂ ಅದರೊಳಗೇ ಇವೆ ಅಂತ ನಂಬಿಕೆ. ಗ್ರೀಕರು, ಕ್ಯಾಥೊಲಿಕರು, ಅರ್ಮೇನಿಯನ್ನರು, ಕಾಪ್ಟಿಕ್, ಇಥಿಯೋಪಿಯ, ಸಿರಿಯಾ ಹೀಗೆ ಆರು ಪಂಗಡಗಳಿಗೆ ಅದರಲ್ಲಿ ಪಾಲು. ಹೆಬ್ಬಾಗಿಲಿನ ಕೀಲಿಕೈ ಇಟ್ಟುಕೊಳ್ಳುವುದೂ ಬಾಗಿಲು ತೆಗೆಯುವುದೂ ನೂರಾರು ವರ್ಷಗಳಿಂದ ಎರಡು ಮುಸ್ಲಿಂ ಮನೆತನಗಳ ಕೆಲಸ. ನನಗೆ ಆ ಏರ್ಪಾಡು ತುಂಬ ಇಷ್ಟವಾಯಿತು.

ಮೂವರು ದೇವರು ಅಂತ ತಾನು ಯಾವತ್ತೂ ಹೇಳುವುದಿಲ್ಲ ಅನ್ನುತ್ತಾಳೆ ಗೆಳತಿ. ತಂದೆ, ಸುತ, ಪವಿತ್ರಾತ್ಮ ಸೇರಿ ಒಬ್ಬನೇ ದೇವರು. ಮಗ ತಂದೆಗಿಂತ ಕಡಿಮೆಯವನಲ್ಲ, ಸೃಷ್ಟಿಯಾದವನೂ ಅಲ್ಲ ಅಂತ 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರು ತೀರ್ಮಾನಿಸಿದರು. ಆ ಊರು ಈಗಿನ ಟರ್ಕಿಯಲ್ಲಿದೆ. ಅಂದರೆ ದೇವರು ಸಂದೇಶವನ್ನಷ್ಟೇ ಕಳಿಸಿ ಸುಮ್ಮನಾಗಲಿಲ್ಲ, ತಾನೇ ಮನುಷ್ಯನಾಗಿ ಬಂದ, ನೋವು ತಿಂದ, ಸತ್ತ, ಮೂರನೇ ದಿನ ಎದ್ದ. ಕ್ರೈಸ್ತರ ಎಲ್ಲ ನಂಬಿಕೆಗೂ ಇದೇ ಅಡಿಪಾಯ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಬಂಗಾರದ ಬಣ್ಣದ ಗುಮ್ಮಟ, ಮುಸ್ಲಿಮರ ಡೋಮ್ ಆಫ್ ದ ರಾಕ್. ಖಲೀಫ ಅಬ್ದುಲ್ ಮಲಿಕ್ 691ರ ಹೊತ್ತಿಗೆ ಕಟ್ಟಿಸಿದ್ದು. ನಮ್ಮಂಥವರನ್ನು ಒಳಗೆ ಬಿಡುವುದಿಲ್ಲ, ಅಂಗಳದವರೆಗೆ ಮಾತ್ರ, ಅದೂ ಕೆಲವು ಹೊತ್ತು. ಒಳಗಿನ ಕಮಾನುಗಳ ಮೇಲೆ ಸುತ್ತಲೂ ಬರೆದಿರುವ ಅಕ್ಷರಗಳಲ್ಲಿ ದೊಡ್ಡದೊಂದು ಭಾಗ ಯೇಸುವಿನ ಬಗ್ಗೆ ಅಂದರೆ ನಂಬುತ್ತೀರಾ? ಮರಿಯಮ್ಮಳ ಮಗ ಈಸಾ ದೇವರ ದೂತ, ಅವನಿಗೆ ಶಾಂತಿ ಇರಲಿ, ಆದರೆ "ಮೂರು" ಅನ್ನಬೇಡಿ, ಮಗನನ್ನು ಪಡೆಯುವುದು ದೇವರಿಗೆ ಹೊಂದುವ ಮಾತಲ್ಲ. ಕ್ರೈಸ್ತರ ದೊಡ್ಡ ಚರ್ಚಿನ ಹತ್ತಿರದಲ್ಲೇ, ಅವರನ್ನೇ ಉದ್ದೇಶಿಸಿ ಬರೆದ ಉತ್ತರ ಅದು.

ಅಜ್ಜಿಯ ಆಸ್ಪತ್ರೆಯಲ್ಲಿ ಒಬ್ಬಳು ಮುಸ್ಲಿಂ ನರ್ಸ್ ಇದ್ದಾಳೆ. ತುಂಬ ಓದಿಕೊಂಡವಳು. ಕನ್ಯೆ ಮರಿಯಮ್ಮಳಿಗೆ ಗಂಡಿನ ಸಂಪರ್ಕವಿಲ್ಲದೆ ಈಸಾ ಹುಟ್ಟಿದ್ದನ್ನು ಅವಳು ನಂಬುತ್ತಾಳೆ. ಅವನು ಕುರುಡರಿಗೆ ಕಣ್ಣು ಕೊಟ್ಟದ್ದನ್ನೂ ನಂಬುತ್ತಾಳೆ. ಕೊನೆಗಾಲದಲ್ಲಿ ಮತ್ತೆ ಬರುತ್ತಾನೆ ಅನ್ನುವುದನ್ನೂ ನಂಬುತ್ತಾಳೆ. ಆದರೆ ಅವನು ಶಿಲುಬೆಯ ಮೇಲೆ ಸಾಯಲಿಲ್ಲ. ಜನರಿಗೆ ಹಾಗೆ ಕಂಡಿತು ಅಷ್ಟೆ, ದೇವರು ಅವನನ್ನು ತನ್ನ ಕಡೆಗೆ ಎತ್ತಿಕೊಂಡ, ಅಂತ ಕುರ್‌ಆನ್ ಹೇಳುತ್ತದೆ. ಕುರ್‌ಆನಿನಲ್ಲಿ ಹೆಸರಿಟ್ಟು ಕರೆದ ಹೆಂಗಸು ಮರಿಯಮ್ ಒಬ್ಬಳೇ. ಅವಳ ಹೆಸರಿನದೇ ಒಂದು ಅಧ್ಯಾಯ ಇದೆ. ನಮ್ಮೂರಿನ ಕ್ಯಾಥೊಲಿಕರು ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್ ಮಾಡಿ ಹೊಸ ತೆನೆ ತರುತ್ತಾರಲ್ಲ, ಅದು ಇವಳ ಹುಟ್ಟುಹಬ್ಬವೇ. ಅವಳು ಹುಟ್ಟಿದ್ದು ಅಂತ ಹೇಳುವ ಜಾಗದಲ್ಲಿ ಇಲ್ಲಿ ಸಂತ ಅನ್ನಮ್ಮನವರ ಚರ್ಚ್ ಇದೆ. ಗೆಳತಿ ಆವತ್ತು ರಜೆ ಕೇಳಿಕೊಂಡು ಅಲ್ಲಿಗೆ ಹೋಗುತ್ತಾಳೆ.

ಇನ್ನು ನಮ್ಮ ಅಜ್ಜಿಗೆ ಯೇಸು ಯಾರೂ ಅಲ್ಲ. ದ್ವೇಷ ಅಂತಲ್ಲ. ಅವರ ಧರ್ಮದ ಲೆಕ್ಕದಲ್ಲಿ ಅವನಿಗೆ ಜಾಗ ಇಲ್ಲ. ಮೆಸ್ಸಾಯ, ಅಂದರೆ ಅವರು ಕಾಯುತ್ತಿರುವ ಉದ್ಧಾರಕ, ಬಂದರೆ ಯುದ್ಧಗಳು ನಿಲ್ಲಬೇಕು, ಚದುರಿದ ಜನ ಒಟ್ಟಾಗಬೇಕು, ರೋಮನ್ನರು ಕ್ರಿ.ಶ. 70ರಲ್ಲಿ ಕೆಡವಿದ ಇಲ್ಲಿನ ದೇವಾಲಯ ಮತ್ತೆ ಏಳಬೇಕು. "ನಿಂತಿದೆಯಾ ಯುದ್ಧ?" ಅಂತ ನನ್ನನ್ನೇ ಕೇಳಿದರು. ನಾನು ಏನು ಹೇಳಲಿ?

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಾವು ಬೈಬಲ್ಲಿಗೆ ಕುರ್‌ಆನನ್ನೂ ಯೇಸುವಿಗೆ ಮುಹಮ್ಮದರನ್ನೂ ಜೋಡಿ ಮಾಡಿ ಹೋಲಿಸುತ್ತೇವೆ. ಆ ಜೋಡಿ ಕೂಡುವುದಿಲ್ಲ. ಮುಸ್ಲಿಮರಿಗೆ ಮುಹಮ್ಮದರು ಕೊನೆಯ ಪ್ರವಾದಿ, ಆದರೆ ಪೂರ್ತಿ ಮನುಷ್ಯ. ಅವರನ್ನು ಪೂಜಿಸುವ ಹಾಗಿಲ್ಲ. ದೇವರಿಂದ ನೇರವಾಗಿ ಇಳಿದು ಬಂದದ್ದು ಕುರ್‌ಆನ್. ಕ್ರೈಸ್ತರಲ್ಲಿ ದೇವರಿಂದ ಇಳಿದು ಬಂದವನು ಯೇಸು, ಬೈಬಲ್ ಅವನಿಗೆ ಸಾಕ್ಷಿ ಹೇಳುವ ಪುಸ್ತಕ. ಹಾಗಾಗಿ ಯೇಸುವಿನ ಪಕ್ಕ ಇಡಬೇಕಾದ್ದು ಕುರ್‌ಆನನ್ನು. ಯೆಹೂದಿಗಳಲ್ಲಿ ಆ ಜಾಗ ತೋರಾದ್ದು. ಸೀನಾಯ್ ಬೆಟ್ಟದಲ್ಲಿ ಒಂದು ಇಡೀ ಜನಾಂಗದ ಜೊತೆ ದೇವರು ಮಾಡಿಕೊಂಡ ಒಪ್ಪಂದ ಅದು. ಅದರಲ್ಲಿ 613 ಆಜ್ಞೆಗಳು ಅಂತ ಅವರ ಲೆಕ್ಕ.

ಇದನ್ನು ಹಿಡಿದುಕೊಂಡರೆ ಎಷ್ಟೋ ವಿಷಯ ಬಿಡಿಸಿಕೊಳ್ಳುತ್ತದೆ. ತೋರಾದ ಒಪ್ಪಂದ ಒಂದು ಜನಾಂಗದ್ದು, ಅದಕ್ಕೇ ಯೆಹೂದಿಗಳು ಯಾರನ್ನೂ ಮತಕ್ಕೆ ಕರೆಯುವುದಿಲ್ಲ. ತಾವಾಗಿ ಬಂದವರನ್ನೂ ಹಿಂದಿನ ರಬ್ಬಿಗಳು, ಅಂದರೆ ಅವರ ಧರ್ಮಗುರುಗಳು, ಮೊದಲು ಬೇಡ ಅಂತ ವಾಪಸ್ ಕಳಿಸುತ್ತಿದ್ದರಂತೆ. ಬೇರೆಯವರು, ಎಲ್ಲ ಮನುಷ್ಯರಿಗೂ ಅಂತ ಅವರು ನಂಬುವ ನೋಹನ ಏಳು ನಿಯಮ ಪಾಲಿಸಿ ಒಳ್ಳೆಯವರಾಗಿದ್ದರೆ ಸಾಕು. "ನೀನು ನಿನ್ನ ಹಾಗೇ ಇರು" ಅಂತ ಅಜ್ಜಿ ನನಗೆ ಹೇಳುವುದು ಬರೀ ಸೌಜನ್ಯ ಅಲ್ಲ, ಅವರ ಶಾಸ್ತ್ರವೇ ಹಾಗೆ. ಕ್ರೈಸ್ತರಿಗೂ ಮುಸ್ಲಿಮರಿಗೂ ಸಂದೇಶ ಇಡೀ ಲೋಕದ್ದು. ಹಾಗಾಗಿ ಹಂಚುವುದೇ ಕರ್ತವ್ಯ.

ಊಟದ ವಿಷಯವೂ ಹೀಗೆಯೇ. ಹಂದಿಮಾಂಸ ಯೆಹೂದಿಗಳಿಗೂ ಮುಸ್ಲಿಮರಿಗೂ ನಿಷಿದ್ಧ, ಹೆಚ್ಚಿನ ಕ್ರೈಸ್ತರಿಗೆ ಆ ಕಟ್ಟುಪಾಡು ಉಳಿಯಲಿಲ್ಲ. ನನಗಂತೂ ಸಸ್ಯಾಹಾರ ಬೇಕಾದಷ್ಟು ಸಿಗುತ್ತದೆ, ಅಮ್ಮನಿಗೆ ಚಿಂತೆ ಬೇಡ ಅಂತ ಹೇಳಿ.

ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು ಕ್ಷಮೆಯ ವಿಷಯ. ಅದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಆದಾಮ ಹವ್ವ ತಿನ್ನಬಾರದ ಹಣ್ಣು ತಿಂದ ಕತೆ ನಿಮಗೆ ಗೊತ್ತು. ಆ ಪಾಪದ ಕಲೆ ಹುಟ್ಟುವ ಪ್ರತಿ ಮಗುವಿಗೂ ಅಂಟಿರುತ್ತದೆ, ಮನುಷ್ಯ ತನ್ನ ಬಲದಿಂದ ಅದನ್ನು ತೊಳೆದುಕೊಳ್ಳಲಾರ ಅಂತ ಕ್ಯಾಥೊಲಿಕರು ನಂಬುತ್ತಾರೆ. ಅದಕ್ಕೇ ದೇವರೇ ಬಂದು ಪ್ರಾಣ ಕೊಡಬೇಕಾಯಿತು, ಅದಕ್ಕೇ ಮಗುವಿಗೆ ದೀಕ್ಷಾಸ್ನಾನ. ಕುರ್‌ಆನಿನಲ್ಲಿ ಆದಾಮ ಪಶ್ಚಾತ್ತಾಪ ಪಟ್ಟ, ದೇವರು ಕ್ಷಮಿಸಿದ, ಅಲ್ಲಿಗೆ ಮುಗಿಯಿತು. ಒಬ್ಬರ ಹೊರೆ ಇನ್ನೊಬ್ಬರು ಹೊರುವ ಹಾಗಿಲ್ಲ. ಯೆಹೂದಿಗಳಲ್ಲೂ ಹುಟ್ಟಿನಿಂದ ಬಂದ ಪಾಪ ಅಂತ ಇಲ್ಲ. ಮನುಷ್ಯನೊಳಗೆ ಒಳ್ಳೆಯ ಎಳೆತವೂ ಇದೆ, ಕೆಟ್ಟ ಎಳೆತವೂ ಇದೆ, ಆಯ್ಕೆ ಅವನದು.

ಹಾಗಾದರೆ ತಪ್ಪು ಮಾಡಿದವನು ಏನು ಮಾಡಬೇಕು? ಗೆಳತಿ ಪಾದ್ರಿಯ ಹತ್ತಿರ ಪಾಪನಿವೇದನೆಗೆ ಹೋಗುತ್ತಾಳೆ. ನರ್ಸ್ ನಡುವೆ ಯಾರೂ ಇಲ್ಲದೆ ನೇರವಾಗಿ ದೇವರನ್ನು ಕೇಳುತ್ತಾಳೆ. ಯೆಹೂದಿಗಳಿಗೆ ವರ್ಷಕ್ಕೊಂದು ದಿನ ಯೋಮ್ ಕಿಪ್ಪೂರ್, ಅಂದರೆ ಪ್ರಾಯಶ್ಚಿತ್ತದ ದಿನ, ಬರುತ್ತದೆ. ಸುಮಾರು 25 ಗಂಟೆ ಅನ್ನ ನೀರು ಇಲ್ಲ. ರಸ್ತೆಯಲ್ಲಿ ಕಾರುಗಳೇ ಇರುವುದಿಲ್ಲ. ಆದರೆ ಆ ದಿನ ದೇವರಿಗೆ ಮಾಡಿದ ತಪ್ಪಿಗೆ ಮಾತ್ರ ಕ್ಷಮೆ. ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪನ್ನು ಅವನ ಹತ್ತಿರವೇ ಹೋಗಿ ಸರಿಮಾಡಿಕೊಳ್ಳುವವರೆಗೆ ದೇವರೂ ಮನ್ನಿಸುವುದಿಲ್ಲ. ಹಬ್ಬದ ಹಿಂದಿನ ದಿನಗಳಲ್ಲಿ ಅಜ್ಜಿ ಫೋನ್ ಹಿಡಿದು ಕೂತು ತಂಗಿಗೆ, ಸೊಸೆಗೆ, ಪಕ್ಕದ ಮನೆಯವರಿಗೆ ಒಬ್ಬೊಬ್ಬರಿಗೇ ಕ್ಷಮೆ ಕೇಳಿದರು. ಕೊನೆಗೆ ನನ್ನ ಕೈ ಹಿಡಿದು ನನಗೂ ಕೇಳಿದರು. ನನಗೆ ಅಳು ಬಂತು ಅಪ್ಪ. ಇದನ್ನು ನರ್ಸಿಗೆ ಹೇಳಿದಾಗ ಅವಳು, ನಮ್ಮಲ್ಲೂ ಹೀಗೆಯೇ, ಜನರ ಹಕ್ಕು ಕಿತ್ತುಕೊಂಡರೆ ಜನರಿಗೇ ಹಿಂತಿರುಗಿಸಬೇಕು, ನಮಾಜ್ ಮಾಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ ಅಂದಳು.

ಸತ್ತ ಮೇಲೆ ಮೂವರಿಗೂ ಇನ್ನೊಂದು ಜನ್ಮ ಇಲ್ಲ. ಯೆಹೂದಿಗಳಲ್ಲಿ ಮರುಜನ್ಮ ನಂಬುವ ಒಂದು ಗುಂಪಿನ ಪರಂಪರೆ ಇದೆ, ಅದನ್ನು ಬಿಟ್ಟರೆ ಬಾಳು ಒಂದೇ. ಹಳೇ ಪಟ್ಟಣದ ಪೂರ್ವಕ್ಕೆ ಕಿದ್ರೋನ್ ಕಣಿವೆ ಇದೆ. ಆಚೆಯ ಆಲಿವ್ ಬೆಟ್ಟದ ತುಂಬ ಯೆಹೂದಿಗಳ ಗೋರಿಗಳು, ಈಚೆ ಕೋಟೆಯ ಗೋಡೆಗೆ ತಾಗಿ ಮುಸ್ಲಿಮರದು, ಹತ್ತಿರದಲ್ಲೇ ಕ್ರೈಸ್ತರದು. ಕೊನೆಯ ತೀರ್ಪು ಅಲ್ಲೇ ನಡೆಯುತ್ತದೆ ಅಂತ ಹಳೆಯ ನಂಬಿಕೆ. ಎಲ್ಲರೂ ಹತ್ತಿರದಲ್ಲೇ ಜಾಗ ಹಿಡಿದಿದ್ದಾರೆ.

ನರಕದ ವಿಷಯದಲ್ಲಿ ಯೆಹೂದಿಗಳು ಮೃದು. ಕೆಟ್ಟವನಿಗೂ ಶಿಕ್ಷೆ ಹನ್ನೆರಡು ತಿಂಗಳು ಅಂತ ಅವರ ಹಿರಿಯರು ಹೇಳಿದ್ದಾರೆ. ಸತ್ತ ಅಪ್ಪನಿಗಾಗಿ ಮಗ ಕದ್ದಿಷ್ ಅನ್ನುವ ಪ್ರಾರ್ಥನೆ ಹೇಳುವುದು ಹನ್ನೊಂದು ತಿಂಗಳು ಮಾತ್ರ. ಹನ್ನೆರಡೂ ತಿಂಗಳು ಹೇಳಿದರೆ ಅಪ್ಪ ಅಷ್ಟು ಕೆಟ್ಟವನಾಗಿದ್ದ ಅಂದ ಹಾಗಾಗುತ್ತದಲ್ಲ! ನಾವು ಮೊದಲ ವರ್ಷ ತಿಂಗಳು ತಿಂಗಳೂ ಮಾಸಿಕ ಮಾಡುವುದನ್ನು ಹೇಳಿದೆ, ಅಜ್ಜಿಗೆ ತುಂಬ ಆಶ್ಚರ್ಯವಾಯಿತು.

ಆಮೇಲೆ ಅವರು ಕೇಳಿದ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ. ಮನುಷ್ಯನೂ ದೇವರೂ ಕೊನೆಗೆ ಒಂದೇ ಆಗುತ್ತಾರೆ ಅಂತ ನಿಮ್ಮ ದೇಶದವರೆಲ್ಲ ಹೇಳುತ್ತೀರಲ್ಲ ಅಂದರು. ಎಲ್ಲರೂ ಅಲ್ಲ, ನಮ್ಮ ಉಡುಪಿಯ ಮಧ್ವಾಚಾರ್ಯರು ಜೀವ ಬೇರೆ, ದೇವರು ಬೇರೆ, ಮೋಕ್ಷದಲ್ಲೂ ಬೇರೆಯೇ ಅಂತ ಹೇಳಿದ್ದಾರೆ ಅಂದೆ. ಅದು ಅವರಿಗೆ ಹಿಡಿಸಿತು. ಆದರೆ ತಮೋಯೋಗ್ಯ ಜೀವಗಳಿಗೆ, ಅಂದರೆ ಸ್ವಭಾವದಿಂದಲೇ ಕತ್ತಲ ನರಕಕ್ಕೆ ತಕ್ಕವಾದ ಜೀವಗಳಿಗೆ, ಬಿಡುಗಡೆಯೇ ಇಲ್ಲ ಅಂದಾಗ ಮುಖ ಸಣ್ಣದಾಯಿತು. "ಹನ್ನೆರಡು ತಿಂಗಳಾದ ಮೇಲೂ?" ಅಂತ ಕೇಳಿದರು. ನನಗೆ ಅಲ್ಲಿಂದ ಮುಂದೆ ಗೊತ್ತಿಲ್ಲ. ಮಠದ ಆಚಾರ್ಯರನ್ನು ಕೇಳಿ, ಯಾಕೆ ಹಾಗೆ ಅಂತ ವಿವರವಾಗಿ ಬರೆದು ಕಳಿಸಿ. ಅಜ್ಜಿ ದಿನಾ ಕೇಳುತ್ತಿದ್ದಾರೆ.

ಇವತ್ತು ಶುಕ್ರವಾರ. ಜೆರುಸಲೇಮಿನ ರೂಢಿಯಂತೆ ಸೂರ್ಯ ಮುಳುಗುವ 40 ನಿಮಿಷ ಮೊದಲೇ ಸಬ್ಬತ್ತಿನ, ಅಂದರೆ ಯೆಹೂದಿಗಳ ವಾರದ ವಿಶ್ರಾಂತಿಯ ದಿನದ, ದೀಪ ಹಚ್ಚಬೇಕು, ಅಷ್ಟರೊಳಗೆ ಅಡುಗೆ ಮುಗಿಯಬೇಕು. ಅಮ್ಮನಿಗೂ ತಮ್ಮನಿಗೂ ನನ್ನ ನೆನಪು ಹೇಳಿ.

ನಿಮ್ಮ ಮಗಳು