ಜೇಬಿಲ್ಲದ ಚಡ್ಡಿ ಬೇಕಾಗಿದೆ

ಪ್ರೀತಿಯ ಕುಳ್ಳ,

ಫುಟ್‌ಬಾಲ್ ಟೀಮಿಗೆ ಸೇರಿದ್ದೀನಿ ಅಂತ ಮೆಸೇಜ್ ಹಾಕಿದ್ದಕ್ಕೆ ‘ಮೂಳೆ ಎಲ್ಲಾ ಸರಿಯಾಗಿದ್ಯಾ?’ ಅಂತ ಕೇಳಿದ್ದೆಯಲ್ಲ. ಹೆದರಬೇಡ. ಅಮೆರಿಕದವರು ಹೆಲ್ಮೆಟ್ ಹಾಕಿಕೊಂಡು ಗೂಳಿಗಳ ಹಾಗೆ ಗುದ್ದಾಡುವ ಫುಟ್‌ಬಾಲ್ ಅಲ್ಲ ಮಾರಾಯ ಇದು, ಅದರದೇ ಸಾಧು ರೂಪ. ಫ್ಲ್ಯಾಗ್ ಫುಟ್‌ಬಾಲ್. ಸೊಂಟಕ್ಕೊಂದು ಬೆಲ್ಟು, ಅದರಲ್ಲಿ ಮೂರು ಪಟ್ಟಿ. ಎಡಕ್ಕೊಂದು, ಬಲಕ್ಕೊಂದು, ಹಿಂದೊಂದು. ಚೆಂಡು ಹಿಡಿದು ಓಡುವವನನ್ನು ಕೆಡವುವ ಹಾಗಿಲ್ಲ. ಅವನ ಪಟ್ಟಿ ಕಿತ್ತರೆ ಆಟ ಅಲ್ಲೇ ನಿಂತಿತು. ಪಟ್ಟಿ ತಾನಾಗಿಯೇ ಬಿದ್ದುಹೋಗಿದ್ದರೆ ಒಂದು ಕೈಯಲ್ಲಿ ಮುಟ್ಟಿದರೂ ಸಾಕು. ಏನು ನೆನಪಾಯ್ತು ಹೇಳು? ನನಗಂತೂ ನಮ್ಮ ಹೈಸ್ಕೂಲಿನ ಕಬಡ್ಡಿ ಅಂಕಣವೇ ಕಣ್ಣಿಗೆ ಬಂತು.

ಇಲ್ಲಿ ಅಮೆರಿಕದ ಯೂನಿವರ್ಸಿಟಿಗಳಲ್ಲಿ ಇಂಟ್ರಾಮ್ಯೂರಲ್ ಅಂತ ಒಂದಿದೆ. ಟಿವಿಯಲ್ಲಿ ಬರುವ ಕಾಲೇಜು ಟೀಮುಗಳು ಬೇರೆ, ಇದು ಬೇರೆ. ನಮ್ಮಂಥವರು ನಮ್ಮನಮ್ಮಲ್ಲೇ ಟೀಮು ಕಟ್ಟಿಕೊಂಡು ಆಡುವುದು. ಮಿಶಿಗನ್ ಮತ್ತು ಓಹಿಯೋ ಸ್ಟೇಟ್‌ನವರು 1913ರಲ್ಲೇ ಇದಕ್ಕೆ ಅಂತ ಒಂದೊಂದು ವಿಭಾಗ ತೆರೆದಿದ್ದರಂತೆ. ನಮ್ಮ ಟೀಮು ಅಂದರೆ ನಮ್ಮ ಲ್ಯಾಬು. ಗೆದ್ದವರಿಗೆ ಸಿಗುವುದು ಒಂದು ಟೀ ಶರ್ಟು. ಅದಕ್ಕೋಸ್ಕರ ಪಿಎಚ್‌ಡಿ ಮಾಡುತ್ತಿರುವವರು ರಾತ್ರಿ ಹತ್ತು ಗಂಟೆಗೆ ಚಳಿಯಲ್ಲಿ ನಡುಗುತ್ತಾ ಜಗಳ ಆಡುವುದನ್ನು ನೀನು ನೋಡಬೇಕು.

ಏಳೇಳು ಜನ. ಮೈದಾನ 80 ಗಜ ಉದ್ದ, ಇಪ್ಪತ್ತಿಪ್ಪತ್ತು ಗಜಕ್ಕೆ ಒಂದು ಗೆರೆ. ಮುಂದಿನ ಗೆರೆ ದಾಟಲು ನಾಲ್ಕು ಅವಕಾಶ. ಅಷ್ಟರಲ್ಲಿ ಆಗದಿದ್ದರೆ ಚೆಂಡು ಎದುರಿನವರಿಗೆ. ಕೊನೆಯ ಗೆರೆ ದಾಟಿದರೆ ಆರು ಪಾಯಿಂಟು. ಚೆಂಡು ನೆಲಕ್ಕೆ ಬಿದ್ದರೆ ಮುಗಿಯಿತು, ಯಾರೂ ಅದರ ಮೇಲೆ ಬೀಳುವ ಹಾಗಿಲ್ಲ. ಚೆಂಡು ಎಸೆಯುವುದು ಮಾತ್ರ ನನಗೆ ಇನ್ನೂ ಒಲಿದಿಲ್ಲ. ಬಾತುಕೋಳಿ ಹಾರಿದ ಹಾಗೆ ಹೋಗುತ್ತದೆ.

ಆದರೆ ಪಟ್ಟಿ ಕೀಳುವುದರಲ್ಲಿ ನಾನೇ ಮುಂದೆ! ಇವರೆಲ್ಲ ಓಡುವವನ ಮುಖ, ಭುಜ ನೋಡಿ ಮೋಸಹೋಗುತ್ತಾರೆ. ಪಿಟಿ ಮೇಷ್ಟ್ರು ರೈಡರ್ ಸೊಂಟ ನೋಡ್ರೋ ಅಂತ ಬಾಯಿ ಬಡಿದುಕೊಳ್ಳುತ್ತಿದ್ದರಲ್ಲ? ಭುಜ ಸುಳ್ಳು ಹೇಳಬಹುದು, ಸೊಂಟ ಹೇಳಲ್ಲ. ಮೊದಲ ಮ್ಯಾಚಿನಲ್ಲೇ ಐದು ಪಟ್ಟಿ ಕಿತ್ತೆ. ಎಲ್ಲಿ ಕಲಿತೆ ಅಂತ ಕೇಳಿದರು. ಕಬಡ್ಡಿ ಬಗ್ಗೆ ಹೇಳಿದೆ. ಉಸಿರು ಬಿಡದೆ ‘ಕಬಡ್ಡಿ ಕಬಡ್ಡಿ’ ಅನ್ನಬೇಕು ಅಂದಾಗ ಯಾರೂ ನಂಬಲಿಲ್ಲ.

ಈಗ ನಿಜವಾದ ಕಥೆಗೆ ಬರುತ್ತೇನೆ. ಈ ಆಟಕ್ಕೆ ಜೇಬಿರುವ ಚಡ್ಡಿ ಹಾಕುವ ಹಾಗಿಲ್ಲ. ಪಟ್ಟಿ ಕೀಳಲು ಬಂದವನ ಬೆರಳು ಜೇಬಿಗೆ ಸಿಕ್ಕಿಕೊಂಡರೆ ಮುರಿದರೂ ಮುರಿಯಬಹುದು. ಕಳೆದ ಗುರುವಾರ ಮರೆತು ಜೇಬಿನ ಚಡ್ಡಿಯಲ್ಲೇ ಹೋದೆ. ರೆಫ್ರಿ ಹೊರಗೆ ನಿಲ್ಲಿಸಿದ. ಟೀಮಿನವನೊಬ್ಬ ಬ್ಯಾಗಿನಿಂದ ಇನ್ನೊಂದು ಚಡ್ಡಿ ತೆಗೆದುಕೊಟ್ಟ. ಅವನು ಆರಡಿ ಮೂರಿಂಚು. ನಾನು ಎಷ್ಟು ಅಂತ ನಿನಗೆ ಗೊತ್ತು. ಬೆಲ್ಟು ಬಿಗಿದುಕೊಂಡು ಹೇಗೋ ನಿಂತೆ.

ಕೊನೆಯ ಎರಡು ನಿಮಿಷ, ನಾವು ನಾಲ್ಕು ಪಾಯಿಂಟು ಹಿಂದೆ. ಚೆಂಡು ನನ್ನ ಕೈಗೇ ಬಂತು! ಇಬ್ಬರನ್ನು ತಪ್ಪಿಸಿ ಓಡಿದೆ. ಮುಂದೆ ಬರೀ ಹುಲ್ಲು. ಅಷ್ಟರಲ್ಲಿ ಚಡ್ಡಿ ಜಾರತೊಡಗಿತು. ಎಡಗೈ ತಾನಾಗಿಯೇ ಸೊಂಟಕ್ಕೆ ಹೋಯ್ತು, ಜಾತ್ರೆಯಲ್ಲಿ ಪಂಚೆ ಹಿಡಿದುಕೊಳ್ಳುತ್ತೀವಲ್ಲ, ಹಾಗೆ. ಪಕ್ಕದಲ್ಲಿ ಓಡುತ್ತಿದ್ದವನ ಕೈ ನನ್ನ ಪಟ್ಟಿಗೆ ಬಂದಿತ್ತಂತೆ. ನನ್ನ ಕೈ ಅದಕ್ಕೆ ಅಡ್ಡ ಬಂತು. ಗೆರೆ ದಾಟಿ ಕುಣಿಯುತ್ತಿದ್ದೇನೆ, ಹಿಂದೆ ತಿರುಗಿದರೆ ತಪ್ಪು ಮಾಡಿದಾಗ ರೆಫ್ರಿ ಎಸೆಯುವ ಹಳದಿ ಬಟ್ಟೆ ನೆಲದ ಮೇಲೆ. ಫ್ಲ್ಯಾಗ್ ಗಾರ್ಡಿಂಗ್, ಅಂದರೆ ಪಟ್ಟಿ ಕೀಳದ ಹಾಗೆ ಕೈ ಅಡ್ಡ ಹಿಡಿದ ತಪ್ಪು. ಪಾಯಿಂಟು ಹೋಯ್ತು, ಮೇಲೆ ಹತ್ತು ಗಜ ದಂಡ. ‘ಪಟ್ಟಿ ಅಲ್ಲ ಸ್ವಾಮಿ, ಮಾನ ಕಾಪಾಡಿಕೊಂಡೆ’ ಅಂತ ಇಂಗ್ಲಿಷಿನಲ್ಲಿ ಹೇಗೆ ಹೇಳೋದು? ಸೋತೆವು.

ಅಂದಹಾಗೆ, ಈ ಆಟ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಇದೆ, ಕ್ರಿಕೆಟ್ ಜೊತೆಗೇ. ಎರಡಕ್ಕೂ ಒಪ್ಪಿಗೆ ಸಿಕ್ಕಿದ್ದು 2023ರ ಅಕ್ಟೋಬರಿನಲ್ಲಿ, ನಮ್ಮ ಮುಂಬೈನಲ್ಲಿ ನಡೆದ ಒಲಿಂಪಿಕ್ ಸಮಿತಿಯ ಸಭೆಯಲ್ಲಿ. ಅಲ್ಲಿ ಐದೇ ಜನರ ಟೀಮು.

ಮುಂದಿನ ತಿಂಗಳು ನಿಮ್ಮ ಅಕ್ಕ ಇಲ್ಲಿಗೆ ಬರ್ತಾರಲ್ಲ, ಅವರ ಕೈಯಲ್ಲಿ ಎರಡು ಕಬಡ್ಡಿ ಚಡ್ಡಿ ಕಳಿಸು. ನನ್ನ ಅಳತೆಯದು. ಜೇಬು ಇಲ್ಲದ್ದು, ಲಾಡಿ ಗಟ್ಟಿಯಾಗಿರುವುದು. ಚಟ್ನಿಪುಡಿಗೆ ಜಾಗ ಉಳಿದರೆ ಅದೂ ಇರಲಿ.

ನಿನ್ನ
ಉದ್ದ