ಫ್ಲ್ಯಾಗ್ ವೇರಿಯಬಲ್‌ಗಳನ್ನು ಬಳಸುವಾಗ ಗಮನಿಸಿ

ಗೆಳೆಯರೇ,

ಫೀಚರ್ ಫ್ಲ್ಯಾಗ್ (ಹೊಸ ಬಿಡುಗಡೆ ಇಲ್ಲದೆಯೇ ಒಂದು ಸೌಲಭ್ಯವನ್ನು ನಿಯಂತ್ರಿಸುವ ಸ್ವಿಚ್) ಎಂದರೆ ಆನ್ ಅಥವಾ ಆಫ್ ಅಷ್ಟೇ ಎಂದುಕೊಂಡು ಕೋಡ್ ಬರೆಯುವುದನ್ನು ದಯವಿಟ್ಟು ಬಿಡೋಣ. ಫ್ಲ್ಯಾಗ್‌ನ ಜೊತೆಗೆ ವೇರಿಯಬಲ್‌ಗಳೂ (ಕೋಡ್ ಮುಟ್ಟದೆ ಹೊರಗಿನಿಂದ ಬದಲಿಸಬಹುದಾದ ಮೌಲ್ಯಗಳು) ಬರಬಹುದು: ಸಂಖ್ಯೆ, ಪಠ್ಯ, ಬೂಲಿಯನ್ (ನಿಜ ಅಥವಾ ಸುಳ್ಳು), ಜೇಸನ್ (JSON, ರಚನೆಯುಳ್ಳ ದತ್ತಾಂಶ). ಹುಡುಕಾಟದ ಪುಟದಲ್ಲಿ 10 ಫಲಿತಾಂಶ ತೋರಿಸಬೇಕೋ 25 ತೋರಿಸಬೇಕೋ ಎಂಬುದನ್ನು ಕೋಡ್‌ನಲ್ಲೇ ಬರೆದುಬಿಟ್ಟರೆ ಪ್ರತಿ ಬದಲಾವಣೆಗೂ ಹೊಸ ಬಿಡುಗಡೆ ಬೇಕು. ಅದೇ ವೇರಿಯಬಲ್ ಆಗಿದ್ದರೆ ಫ್ಲ್ಯಾಗ್ ನಿರ್ವಹಿಸುವ ಡ್ಯಾಶ್‌ಬೋರ್ಡ್‌ನಲ್ಲಿ ಬದಲಿಸಿದರೆ ಸಾಕು.

ನನ್ನ ಕಳಕಳಿಯೆಲ್ಲ ಡೀಫಾಲ್ಟ್ ಮೌಲ್ಯದ, ಅಂದರೆ ಬೇರೆ ಮೌಲ್ಯ ಸಿಗದಿದ್ದಾಗ ಬಳಸುವ ಮೌಲ್ಯದ ಬಗ್ಗೆ. ಫ್ಲ್ಯಾಗ್ ಸರ್ವರ್ ಸಿಗದಿದ್ದಾಗ ಬಳಕೆದಾರರನ್ನು ಕಾಪಾಡುವುದು ಅದೇ. ಆದ್ದರಿಂದ ವೇರಿಯಬಲ್ ಓದುವ ಪ್ರತಿ ಕಡೆಯೂ ಡೀಫಾಲ್ಟ್ ಕೊಡಿ. ಬಂದ ಮೌಲ್ಯದ ಟೈಪ್ ಸರಿಯಿದೆಯೇ, ಮಿತಿಯೊಳಗಿದೆಯೇ ಎಂದು ಪರೀಕ್ಷಿಸಿ. ಟೈಮ್‌ಔಟ್‌ಗೆ (ಉತ್ತರಕ್ಕಾಗಿ ಕಾಯುವ ಗರಿಷ್ಠ ಸಮಯಕ್ಕೆ) ಯಾರಾದರೂ 0 ತುಂಬಿದರೆ ನಿಮ್ಮ ಕೋಡ್ ಏನು ಮಾಡುತ್ತದೆ? ಇಂದೇ ಒಮ್ಮೆ ನೋಡಿ. ಇನ್ನೊಂದು ಮಾತು, ಒಂದು ರಿಕ್ವೆಸ್ಟ್ (ಸರ್ವರ್‌ಗೆ ಬಂದ ಒಂದು ಕೋರಿಕೆ) ಮುಗಿಯುವವರೆಗೂ ಮೊದಲು ಓದಿದ ಮೌಲ್ಯವನ್ನೇ ಬಳಸಿ. ನಡುವೆ ಮತ್ತೆ ಓದಿದರೆ ಹಳೆಯ ವರ್ತನೆಯೂ ಹೊಸ ವರ್ತನೆಯೂ ಬೆರೆತು, ದೋಷ ಎಲ್ಲಿದೆ ಎಂದು ಹುಡುಕುವುದೇ ದೊಡ್ಡ ಪಾಡಾಗುತ್ತದೆ.

ಪಾಸ್‌ವರ್ಡ್, ಎಪಿಐ ಕೀಲಿಗಳನ್ನು (ಬೇರೆ ಸೇವೆಗಳನ್ನು ಬಳಸಲು ಬೇಕಾದ ರಹಸ್ಯ ಸಂಕೇತಗಳು) ಈ ವೇರಿಯಬಲ್‌ಗಳಲ್ಲಿ ಇಡಲೇಬೇಡಿ. ಬ್ರೌಸರ್‌ಗೆ ಹೋದ ವೇರಿಯಬಲ್ ಯಾರಿಗೆ ಬೇಕಾದರೂ ಕಾಣುತ್ತದೆ. ಯಾವ ಮೌಲ್ಯ ಸೂಕ್ತ ಎಂದು ನೋಡುವ ಪ್ರಯೋಗ ಮುಗಿದ ಮೇಲೆ, ಆಯ್ಕೆಯಾದ ಮೌಲ್ಯವನ್ನು ಕೋಡ್‌ಗೆ ಸೇರಿಸಿ ಆ ಫ್ಲ್ಯಾಗ್ ಅನ್ನು ಅಳಿಸಿಬಿಡಿ.